ದಾನವಲ್ಲ, ಸಲ್ಲಬೇಕಾದ ಬಾಕಿ

ಮಲೆನಾಡಿನಲ್ಲಾಗಲಿ ಕೊಡಗಿನಲ್ಲಾಗಲಿ, ಕಾಫಿ ತೋಟಗಳ ನಡುವಿನ ಧರ್ಮಕೇಂದ್ರಗಳವರಿಗೆ ಈ ಸುದ್ದಿ ಹೊಸದಲ್ಲ. ಮರಗಸಿ ಮಾಡುತ್ತಿದ್ದವನು ಮರದಿಂದ ಜಾರಿ ಬಿದ್ದ. ಕರಿಮೆಣಸು ಕೊಯ್ಯುತ್ತಿದ್ದವನ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿತು. ಮಣ್ಣಾದ ಮೂರನೆಯ ದಿನ ತೋಟದ ಮನೆಯ ಜಗಲಿಯಲ್ಲಿ ನಾಲ್ಕು ಮಂದಿ ಹಿರಿಯರು ಸೇರುತ್ತಾರೆ, ಒಂದು ಮೊತ್ತ ನಿಗದಿಯಾಗುತ್ತದೆ, ಇನ್ನು ಯಾವ ತಕರಾರೂ ಇಲ್ಲವೆಂಬ ಕಾಗದಕ್ಕೆ ವಿಧವೆಯ ಹೆಬ್ಬೆಟ್ಟು ಬೀಳುತ್ತದೆ. ಹಿಂದಿರುಗುವಾಗ ಎಲ್ಲರದೂ ಒಂದೇ ಮಾತು: ಸಾಹುಕಾರರು ಒಳ್ಳೆಯವರು, ಕೈಬಿಡಲಿಲ್ಲ.

ಈ ಮಾತನ್ನು ನಾನು ಒಪ್ಪಲಾರೆ. ಅಲ್ಲಿ ನಡೆದದ್ದು ದಾನವಲ್ಲ. ದೊಡ್ಡದೊಂದು ಸಾಲವನ್ನು ಚಿಲ್ಲರೆ ಕಾಸಿನಲ್ಲಿ ತೀರಿಸಿಕೊಂಡ ಜಾಣತನ.

ದುಡಿಮೆಯಲ್ಲಿ ಗಾಯಗೊಂಡವನಿಗೆ ಮಾಲೀಕನೇ ಪರಿಹಾರ ಕೊಡಬೇಕೆಂಬ ಕಾನೂನು ನಮ್ಮ ದೇಶಕ್ಕೆ ಬಂದದ್ದು 1923ರಲ್ಲಿ, ಬ್ರಿಟಿಷರ ಕಾಲದಲ್ಲಿ. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಲೆಕ್ಕದ ಕ್ರಮ ಮಾತ್ರ ಹಳೆಯದೇ. ಸಾವು ಸಂಭವಿಸಿದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 30 ವರ್ಷದವನಿಗೆ ಆ ಗುಣಕ 207.98. ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದವನ ಕುಟುಂಬಕ್ಕೆ ಸಲ್ಲಬೇಕಾದದ್ದು 12,47,880 ರೂಪಾಯಿ. ಬೆನ್ನುಮೂಳೆ ಮುರಿದು, ಇನ್ನೆಂದೂ ದುಡಿಯಲಾರದೆ ಬದುಕುಳಿದರೆ ಅರ್ಧದ ಬದಲು ಶೇಕಡಾ 60ರ ಲೆಕ್ಕ, ಆಗ 14,97,456. ಜಗಲಿಯಲ್ಲಿ ಎಣಿಸಿಕೊಟ್ಟ ನೋಟುಗಳನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿ.

"ಅವನೇ ಎಚ್ಚರದಿಂದ ಇರಲಿಲ್ಲ" ಎನ್ನುತ್ತಾರೆ. ಸತ್ತವನು ಎದ್ದು ಬಂದು ಉತ್ತರಿಸಲಾರನೆಂಬ ಧೈರ್ಯ ಈ ಮಾತಿಗೆ. ಆದರೆ ಕಾನೂನು ಕೇಳುವುದು ತಪ್ಪು ಯಾರದೆಂದಲ್ಲ, ಅಪಘಾತ ಕೆಲಸದಿಂದ, ಕೆಲಸದ ವೇಳೆಯಲ್ಲಿ ಉಂಟಾಯಿತೇ ಎಂದು. "ಆಸ್ಪತ್ರೆಯ ಖರ್ಚೆಲ್ಲ ನಾನೇ ಕೊಟ್ಟೆ" ಎನ್ನುವವರೂ ಉಂಟು. 2009ರ ತಿದ್ದುಪಡಿಯೇ ಚಿಕಿತ್ಸೆಯ ವೆಚ್ಚ ಬೇರೆ, ಪರಿಹಾರ ಬೇರೆ ಎಂದು ಸ್ಪಷ್ಟಪಡಿಸಿದೆ. ಇನ್ನು ಆ ಹೆಬ್ಬೆಟ್ಟಿನ ಕಾಗದ: ಹಕ್ಕನ್ನು ಬಿಟ್ಟುಕೊಟ್ಟೆನೆಂದು ಕಾರ್ಮಿಕನು ಬರೆದುಕೊಟ್ಟ ಕರಾರು ಅಸಿಂಧು. ಸಾವಿನ ಪರಿಹಾರವನ್ನಂತೂ ಮನೆಯವರ ಕೈಗೆ ಕೊಡುವಂತೆಯೇ ಇಲ್ಲ, ಅಧಿಕಾರಿಯ ಮುಂದೆ ಠೇವಣಿ ಇಡಬೇಕು. ಏಕೆಂದು ಕೇಳುವಿರಾ? ಜಗಲಿಯ ಪಂಚಾಯಿತಿಗಳನ್ನು ಕಾನೂನು ಮಾಡಿದವರೂ ಕಂಡಿದ್ದರು.

ಹಾಗಾದರೆ ಆಕೆ ಏಕೆ ಕೇಳಲಿಲ್ಲ? ಗಂಡನ ಹೆಸರು ಹಾಜರಿ ಪುಸ್ತಕದಲ್ಲಿರಲಿಲ್ಲ. ವಾರದ ಬಟವಾಡೆ ಮೇಸ್ತ್ರಿಯ ಕೈಯಿಂದ ಬರುತ್ತಿತ್ತು, ಚೀಟಿ ಇಲ್ಲ, ಸಹಿ ಇಲ್ಲ. ಅವನು ಈ ತೋಟದ ಆಳೆಂದು ಸಾಕ್ಷಿ ಹೇಳಬೇಕಾದವರು ಇದೇ ತೋಟದ ಲೈನ್ ಮನೆಗಳಲ್ಲಿರುವವರು. ಹೇಳಿದರೆ ಮನೆ ಹೋಗುತ್ತದೆ. ಬದುಕುಳಿದವನ ಪಾಡು ಇನ್ನೂ ಕಠಿಣ. ಎಷ್ಟು ಪಾಲು ದುಡಿಮೆಯ ಶಕ್ತಿ ಹೋಯಿತೆಂದು ವೈದ್ಯರು ಅಳೆದು ಹೇಳಬೇಕು. ಆ ಅಳತೆಯನ್ನು ಎದುರು ಪಕ್ಷದ ವಕೀಲರು ಪ್ರಶ್ನಿಸುತ್ತಾರೆ, ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ, ಪ್ರತಿ ವಾಯಿದೆಗೂ ಬಸ್ಸಿನ ಖರ್ಚು. ಗುತ್ತಿಗೆಯ ಆಳು, ನನ್ನ ಆಳಲ್ಲವೆಂದು ಮಾಲೀಕರು ಜಾರಿಕೊಳ್ಳುವುದೂ ಉಂಟು. ಇದೂ ಸುಳ್ಳು ನೆಪವೇ. ತನ್ನ ಉದ್ಯಮದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು ಮೊದಲು ಪರಿಹಾರ ಕೊಡಬೇಕು, ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ.

ಇದನ್ನು ಓದುತ್ತಿರುವವರಲ್ಲಿ ತೋಟದ ಒಡೆಯರೂ ಇದ್ದೀರಿ, ಏಣಿ ಹತ್ತುವವರ ಮನೆಯವರೂ ಇದ್ದೀರಿ; ಭಾನುವಾರ ಒಂದೇ ಸಾಲಿನಲ್ಲಿ ಮೊಣಕಾಲೂರುತ್ತೀರಿ. ಹೊಸ ಮನೆ ಕಟ್ಟಿದವನು ಮಾಳಿಗೆಗೆ ಕೈಪಿಡಿಗೋಡೆ ಕಟ್ಟಬೇಕು, ಇಲ್ಲವಾದರೆ ಬಿದ್ದವನ ರಕ್ತದ ಹೊಣೆ ಆ ಮನೆಯದೆಂಬ ಕಟ್ಟಳೆ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿದೆ. ಅಲ್ಲಿಯೂ ಬಿದ್ದವನು ಎಚ್ಚರದಿಂದಿದ್ದನೇ ಎಂಬ ವಿಚಾರಣೆ ಇಲ್ಲ.

ಒಡೆಯರೇ, ನಿಮ್ಮ ಜೀಪಿಗೆ ವಿಮೆ ಇದೆ. ಕೂಲಿಯವರ ಪರಿಹಾರಕ್ಕೂ ವಿಮೆ ಸಿಗುತ್ತದೆ. ಮುಂದಿನ ಮೆಣಸಿನ ಕೊಯ್ಲಿಗೆ ಮೊದಲು ಅದನ್ನು ಮಾಡಿಸಿ. ಮೇಸ್ತ್ರಿ ಕರೆತಂದ ಪ್ರತಿಯೊಬ್ಬರ ಹೆಸರನ್ನೂ ಕೂಲಿಯನ್ನೂ ಪುಸ್ತಕದಲ್ಲಿ ಬರೆಸಿ. ದುಡಿಯುವ ಸಹೋದರ ಸಹೋದರಿಯರೇ, ಅಪಘಾತವಾದ ದಿನವೇ ಆಸ್ಪತ್ರೆಯ ಚೀಟಿಯಲ್ಲಿ ಎಲ್ಲಿ, ಯಾವ ಕೆಲಸದಲ್ಲಿ ಗಾಯವಾಯಿತೆಂದು ಬರೆಸಿಕೊಳ್ಳಿ. ಜಗಲಿಯಲ್ಲಿ ಕಾಗದ ಮುಂದೆ ಬಂದರೆ, ಓದಿಸಿ ಕೇಳುವವರೆಗೆ ಹೆಬ್ಬೆಟ್ಟು ಒತ್ತಬೇಡಿ.