ಸುಳ್ಯದ ಮಕ್ಕಳಿಗೆ ಫ್ರೆಂಚ್ ಯಾಕೆ ಬೇಡ?

ನಗುವವರು ಮೊದಲು ನಕ್ಕು ಮುಗಿಸಲಿ. ಪುತ್ತೂರು, ಸುಳ್ಯ, ಕಡಬದ ಸರಕಾರಿ ಶಾಲೆಗಳಲ್ಲಿ ಫ್ರೆಂಚ್ ಕಲಿಸಬೇಕು, ಅದೂ ಪತ್ರಿಕೆ ಓದಿ ವಾದಕ್ಕೆ ನಿಲ್ಲುವ ಮಟ್ಟಕ್ಕೆ ಕಲಿಸಬೇಕು ಎಂದರೆ ನಮ್ಮೂರಿನ ದೊಡ್ಡವರಿಗೆ ಬರುವುದು ನಗು. ‘ಅಡಿಕೆ ಸುಲಿಯುವವರಿಗೆ ಫ್ರೆಂಚ್ ಎಂಥಕ್ಕೆ ಮಾರಾಯ್ರೆ?’

ಎಂಥಕ್ಕೆ ಎಂದು ಹೇಳುತ್ತೇನೆ. ಪುತ್ತೂರಿನಲ್ಲಿ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ಇದೆ, 1986ರದ್ದು. ಅದೇ ವರ್ಷ ಶುರುವಾದ ಗೇರು ಸಂಶೋಧನಾ ಕೇಂದ್ರವೂ ಇದೇ ಊರಿನಲ್ಲಿದೆ. ಕೊಕ್ಕೊ ಮತ್ತು ಗೇರುಬೀಜ. ಈ ಎರಡನ್ನೂ ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವ ದೇಶ ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್. ಅಲ್ಲಿನ ಆಡಳಿತ ಭಾಷೆ ಫ್ರೆಂಚ್. ಅದೇ ಕರಾವಳಿಯ ಬೆನಿನ್‌ನಲ್ಲೂ ಅದೇ. ನಮ್ಮ ಜಿಲ್ಲೆಯ ಗೇರುಬೀಜ ಫ್ಯಾಕ್ಟರಿಗಳಿಗೆ ನಮ್ಮ ಗುಡ್ಡದ ಬೀಜ ಸಾಲುವುದಿಲ್ಲ, ಆಫ್ರಿಕದ ಬೀಜ ಹಡಗಿನಲ್ಲಿ ಬರಬೇಕು. ಅದನ್ನು ಒಡೆದು ಸುಲಿದು ಬೆರಳು ಕಪ್ಪಾದ ಹೆಂಗಸರ ಮಕ್ಕಳು ಓದುವುದು ನಾನು ಹೇಳುತ್ತಿರುವ ಈ ಶಾಲೆಗಳಲ್ಲಿಯೇ.

ಇನ್ನೊಂದು ಸಂಗತಿ ಕೇಳಿ. ಹಂಗಾಮು ಶುರುವಾಗುವಾಗ ಐವರಿ ಕೋಸ್ಟ್ ಸರಕಾರ ಗೇರುಬೀಜಕ್ಕೆ ಕಿಲೋಗೆ ಇಷ್ಟು ಎಂದು ರೈತನ ದರ ಘೋಷಿಸುತ್ತದೆ. ಕೊಕ್ಕೊಗೂ ಘೋಷಿಸುತ್ತದೆ. ಆ ದರ ಯಾವಾಗಲೂ ರೈತನ ಕೈ ಸೇರುತ್ತದೆ ಎಂದಲ್ಲ, ದಲ್ಲಾಳಿಗಳಿಗೆ ಅಲ್ಲೂ ಬರವಿಲ್ಲ. ಆದರೆ ಜಗಳಕ್ಕೆ ನಿಲ್ಲಲು ರೈತನ ಹತ್ತಿರ ಒಂದು ಅಂಕಿ ಇದೆ. ನಮ್ಮಲ್ಲಿ? ಕೇಂದ್ರ ಸರಕಾರ ಕನಿಷ್ಠ ಬೆಂಬಲ ಬೆಲೆ ಕೊಡುವ ಬೆಳೆಗಳ ಪಟ್ಟಿಯಲ್ಲಿ ಗೇರುಬೀಜವೇ ಇಲ್ಲ. ಕಾಣಿಯೂರಿನ ಕೃಷಿಕ ಅಂಗಡಿಯವ ಹೇಳಿದ ರೇಟಿಗೆ ಚೀಲ ಇಳಿಸಿ ಬರಬೇಕು. ಅವನ ಮಗಳು ಫ್ರೆಂಚ್ ಕಲಿತು, ಆ ಪ್ರಕಟಣೆ ಓದಿ, ‘ಅಪ್ಪಾ, ಅಲ್ಲಿ ಉಂಟು, ಇಲ್ಲಿ ಯಾಕಿಲ್ಲ?’ ಎಂದು ಕೇಳಿದರೆ? ಈ ಪ್ರಶ್ನೆಗೆ ಹೆದರಿಯೇ ಅವಳಿಗೆ ಫ್ರೆಂಚ್ ಕೊಟ್ಟಿಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ಶಿಕ್ಷಣ ಇಲಾಖೆಗೆ ಅಷ್ಟು ದೂರದ ಆಲೋಚನೆ ಇಲ್ಲ. ಅವಳು ಲೆಕ್ಕದಲ್ಲೇ ಇಲ್ಲ, ಅಷ್ಟೆ.

ಹಾಗಾದರೆ ಲೆಕ್ಕದಲ್ಲಿ ಇರುವವರು ಯಾರು? ಪಿಯುಸಿಯ ಭಾಷೆಗಳ ಪಟ್ಟಿಯಲ್ಲಿ ಫ್ರೆಂಚ್ ಎಂದಿನಿಂದಲೋ ಇದೆ. ಬೆಂಗಳೂರಿನ ದೊಡ್ಡ ಫೀಸಿನ ಕಾಲೇಜುಗಳ ಮಕ್ಕಳು ಅದನ್ನು ತೆಗೆದುಕೊಳ್ಳುತ್ತಾರೆ. ಯಾಕೆ ಎಂದು ಕೇಳಿ ನೋಡಿ: ‘ಸ್ಕೋರಿಂಗ್.’ ನೂರಕ್ಕೆ ತೊಂಬತ್ತೆಂಟು ಬಂದವನಿಗೆ ಮೂರು ವಾಕ್ಯ ಮಾತಾಡಲು ಬರದಿದ್ದರೂ ನಡೆಯುತ್ತದೆ. ನಮ್ಮ ಕಡೆ ಇದೇ ವ್ಯಾಪಾರ ಸಂಸ್ಕೃತದ ಹೆಸರಿನಲ್ಲಿ ನಡೆಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಬಾಚಿಕೊಳ್ಳಿ! ಕಾಳಿದಾಸನನ್ನು ಓದಬೇಕೆಂಬ ಆಸೆಯಿಂದ ಸಂಸ್ಕೃತ ತೆಗೆದುಕೊಂಡ ಮಗು ಇದ್ದರೆ ಅದಕ್ಕೆ ನನ್ನ ನಮಸ್ಕಾರ. ಮಿಕ್ಕವರಿಗೆ ಭಾಷೆ ಎಂದರೆ ಸಿಇಟಿ, ನೀಟ್ ರ‍್ಯಾಂಕಿಗೆ ಲೆಕ್ಕವಿಲ್ಲದ, ಆದ್ದರಿಂದ ಕಡಿಮೆ ಹೊತ್ತಿನಲ್ಲಿ ಮುಗಿಸಬೇಕಾದ ಪೀಡೆ. ಪೇಟೆಯವನಿಗೆ ಫ್ರೆಂಚ್ ಸಿಕ್ಕಿಯೂ ಬರಲಿಲ್ಲ, ನಮ್ಮವನಿಗೆ ಸಿಗಲೇ ಇಲ್ಲ.

ಭಾಷೆ ಕಲಿಯುವ ತಾಕತ್ತಿನಲ್ಲಿ ನಮ್ಮ ಮಕ್ಕಳ ಎದುರು ನಿಲ್ಲುವವರು ಯಾರಿದ್ದಾರೆ? ಸುಳ್ಯದ ಗೌಡರ ಮನೆಯ ಹುಡುಗ ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುತ್ತಾನೆ. ಅವನ ಗೆಳೆಯನ ಮನೆಯಲ್ಲಿ ಬ್ಯಾರಿ, ಗೆಳತಿಯ ಮನೆಯಲ್ಲಿ ಹವ್ಯಕ ಕನ್ನಡ, ಇನ್ನೊಬ್ಬಳ ಮನೆಯಲ್ಲಿ ಮಲಯಾಳ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕೆಯಿಂದ ಬಂದು ರಬ್ಬರ್ ತೋಟಗಳಲ್ಲಿ ನೆಲೆ ನಿಂತವರ ಮೊಮ್ಮಕ್ಕಳು ತಮಿಳಿನ ಜೊತೆಗೆ ಇಲ್ಲಿನದ್ದೆಲ್ಲವನ್ನೂ ಕಲಿತರು. ಯಾರ ಟ್ಯೂಷನ್ನೂ ಇಲ್ಲದೆ ಕಲಿತರು. ಇಂಥ ಮಕ್ಕಳಿಗೆ ಇಂಗ್ಲಿಷ್ ಮೀಡಿಯಂ ಶಾಲೆಗಳು ಮಾಡಿದ್ದೇನು? ತುಳು ಮಾತಾಡಿದರೆ ಫೈನ್.

ಇದೂ ಹೊಸತಲ್ಲ. ಫ್ರೆಂಚರು ಆಳುತ್ತಿದ್ದಾಗ ಪಶ್ಚಿಮ ಆಫ್ರಿಕದ ಶಾಲೆಗಳಲ್ಲಿ ತಾಯಿಭಾಷೆ ಆಡಿದ ಮಗುವಿನ ಕೊರಳಿಗೆ ಮರದ ತುಂಡನ್ನೋ ಮೂಳೆಯನ್ನೋ ಕಟ್ಟುತ್ತಿದ್ದರು. ಇನ್ನೊಬ್ಬ ಸಿಕ್ಕಿಬೀಳುವವರೆಗೆ ಅದನ್ನು ಹೊತ್ತು ತಿರುಗಬೇಕು. ಫ್ರೆಂಚೇನೂ ಪುಣ್ಯವಂತ ಭಾಷೆಯಲ್ಲ, ಅದರ ಕೈಯಲ್ಲೂ ರಕ್ತವಿದೆ. ಆದರೆ ಫ್ರೆಂಚರು ಆಳಿದ ನೆಲಗಳವರೇ ಅದಕ್ಕೆ ಉತ್ತರವನ್ನೂ ಕೊಟ್ಟರು. ಐವರಿ ಕೋಸ್ಟಿನ ಅಹ್ಮದು ಕುರುಮಾ 1968ರ ತನ್ನ ಮೊದಲ ಕಾದಂಬರಿಯಲ್ಲಿ ಫ್ರೆಂಚನ್ನು ತನ್ನ ಮಲಿಂಕೆ ಮಾತಿನ ಲಯಕ್ಕೆ ಬಗ್ಗಿಸಿ, ಯಜಮಾನರ ವ್ಯಾಕರಣದ ಕಿವಿ ಹಿಂಡಿದ. ಫ್ರಾಂಟ್ಸ್ ಫ್ಯಾನನ್ ವಸಾಹತುಗಾರನ ಮುಖವಾಡ ಕಿತ್ತದ್ದು ಫ್ರೆಂಚಿನಲ್ಲಿಯೇ. ನಾವು ಅವನನ್ನು ಓದಿದ್ದು ಇಂಗ್ಲಿಷಿನಲ್ಲಿ. ಲಂಕೇಶರಂಥ ಲಂಕೇಶರೂ ಫ್ರೆಂಚ್ ಕವಿ ಬೋದಿಲೇರನನ್ನು ಕನ್ನಡಕ್ಕೆ ತಂದದ್ದು ಇಂಗ್ಲಿಷಿನ ಮೂಲಕ. ಸಿಟ್ಟನ್ನು ಕೂಡ ಲಂಡನ್ನಿನ ಅಂಗಡಿಯಿಂದಲೇ ಎಷ್ಟು ಕಾಲ ಕಡ ತರುವುದು?

‘ಮೊದಲು ಕನ್ನಡ, ತುಳು ಉಳಿಸಿ’ ಎನ್ನುವವರು ಬಂದೇ ಬರುತ್ತಾರೆ. ಬನ್ನಿ, ಕೂತುಕೊಳ್ಳಿ. ತುಳುವನ್ನು ತೃತೀಯ ಭಾಷೆಯಾಗಿ ಮೊದಲು ಕೈಗೆತ್ತಿಕೊಂಡದ್ದು ಇದೇ ಕಡಬದ ರಾಮಕುಂಜದ ಪ್ರೌಢಶಾಲೆ. 2014–15ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ತುಳು ಬರೆದವರು 18 ಮಕ್ಕಳು, ಆಮೇಲೆ ನೂರಾರು. ಆ ಮಕ್ಕಳಿಗೆ ಕಲಿಸುವವರಿಗೆ ಖಾಯಂ ಹುದ್ದೆ ಕೊಡಿ ಎಂದು ನೀವು ಎಷ್ಟು ಸಲ ಬೀದಿಗಿಳಿದಿದ್ದೀರಿ? ತುಳು ಸಾಹಿತ್ಯ ಅಕಾಡೆಮಿಯ ಗೌರವಧನದಲ್ಲಿ ಪಾಠ ಮಾಡುವ ಟೀಚರನ್ನು ಫ್ರೆಂಚ್ ಬಂದು ಓಡಿಸಿಲ್ಲ. ಮನೆಯ ಭಾಷೆಗೂ ಸಂಬಳ ಕೊಡದ, ಲೋಕದ ಭಾಷೆಗೂ ಬಾಗಿಲು ತೆರೆಯದ ಸರಕಾರ ಅದು, ಒಂದೇ ಸರಕಾರ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳಲ್ಲಿ ಫ್ರೆಂಚನ್ನೂ ಹೆಸರಿಸಿತು. ಹೆಸರಿಸಲು ಖರ್ಚೇನಿಲ್ಲವಲ್ಲ. ಫ್ರಾನ್ಸಿನ ವಿಶ್ವವಿದ್ಯಾಲಯಗಳು ಫ್ರೆಂಚ್ ಮಾಧ್ಯಮದ ಪದವಿಗೆ ಸಾಮಾನ್ಯವಾಗಿ ಕೇಳುವುದು ಬಿ2 ಮಟ್ಟ, ಎಂದರೆ ಪತ್ರಿಕೆ ಓದಿ ವಾದಕ್ಕೆ ನಿಲ್ಲುವ ಮಟ್ಟ. ಅದಕ್ಕೆ ಸುಮಾರು 500–600 ಗಂಟೆಗಳ ಪಾಠ ಬೇಕು. ಎಂಟನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಐದು ವರ್ಷ, ವಾರಕ್ಕೆ ನಾಲ್ಕೈದು ಪಿರಿಯಡ್ ಇಟ್ಟರೆ ಆ ಗಂಟೆಗಳು ಅಲ್ಲಿಯೇ ಸಿಗುತ್ತವೆ. ಈಗ ಸುಳ್ಯದ ಮಗು ಸರಿಯಾಗಿ ಫ್ರೆಂಚ್ ಕಲಿಯಬೇಕಾದರೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಹೋಗಬೇಕು. ಇಲ್ಲವೇ ಮೊಬೈಲಿನಲ್ಲಿ ಕಲಿಯಬೇಕು, ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಊರುಗಳಲ್ಲಿ.

ನಾನು ಕೇಳುತ್ತಿರುವುದು ಮೂರು ತಾಲೂಕಿಗೆ ಮೂರು ಹುದ್ದೆ, ಖಾಯಂ ಹುದ್ದೆ. ಜೊತೆಗೆ ತುಳುವಿಗೆ ಮೂರು, ಅರೆಭಾಷೆಗೂ ಒಂದು ದಾರಿ. ಮಾರ್ಕು ಬಾಚುವ ಪತ್ರಿಕೆ ಬೇಡ, ಮಾತಾಡಿಸಿ ನೋಡುವ ಪರೀಕ್ಷೆ ಇಡಿ. ದುಡ್ಡಿಲ್ಲ ಎಂದು ಮಾತ್ರ ಹೇಳಬೇಡಿ. ಬೆಂಗಳೂರಿನ ಮಕ್ಕಳಿಗಾಗಿ ವರ್ಷವೂ ಫ್ರೆಂಚ್ ಪ್ರಶ್ನೆಪತ್ರಿಕೆ ತಯಾರಿಸಿ, ಅಚ್ಚು ಹಾಕಿಸಿ, ಮೌಲ್ಯಮಾಪನ ಮಾಡಿಸುವುದು ಯಾವ ಇಲಾಖೆ, ಯಾರ ದುಡ್ಡಿನಲ್ಲಿ ಎಂದು ಮೊದಲು ಹೇಳಿ.