ಕರ್ಣಧಾರನ ಕೆಲಸ

ಚುಕ್ಕಾಣಿ ಹಿಡಿದವನು ಸಂಸ್ಕೃತದಲ್ಲಿ ಕರ್ಣಧಾರನು, ಗ್ರೀಕಿನಲ್ಲಿ ಕುಬೆರ್ನೆಟೆಸ್. ಆನೆಗೊಂದಿಯ ಹರಿಗೋಲಿಗೆ ಚುಕ್ಕಾಣಿಯಿಲ್ಲ. ಅಂಬಿಗನ ಹುಟ್ಟೇ ಅದಕ್ಕೆ ದಿಕ್ಕು. ಗೂಗಲ್ ಸಂಸ್ಥೆಯು 2014ರಲ್ಲಿ ಪ್ರಕಟಿಸಿದ ‘ಕುಬರ್ನೆಟೀಸ್’ ತಂತ್ರಾಂಶಕ್ಕೆ ಆ ಗ್ರೀಕ್ ಹೆಸರೇ ಬಂದಿದೆ.

ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಸಾಮಗ್ರಿಯೊಡನೆ ಗಂಟುಕಟ್ಟಿದರೆ ಅದು ‘ಕಂಟೇನರ್’; ಅಂಥವನ್ನು ಹೊತ್ತು ನಡೆಯಿಸುವ ಗಣಕಯಂತ್ರಗಳ ಸಮೂಹವು ‘ಕ್ಲಸ್ಟರ್’. ‘ಮೂರು ಇರಲಿ’ ಎಂದು ಆಜ್ಞಾಪಿಸಿದರೆ ಸಾಕು. ಒಂದು ನಿಂತುಹೋದರೆ ಕುಬರ್ನೆಟೀಸ್ ತಾನಾಗಿಯೇ ಮತ್ತೊಂದನ್ನು ಹೂಡುವುದು. ಈ ಆಜ್ಞೆಗಳನ್ನು ಈಗ ಮನೆಯಲ್ಲಿಯೇ ಕುಳಿತು, ಬ್ರೌಸರಿನೊಳಗಿನ ಟರ್ಮಿನಲ್ಲಿನಲ್ಲಿ ಬೆರಳಚ್ಚಿಸಬಹುದು.

ಅಪಾಯವಿರುವುದೂ ಇಲ್ಲಿಯೇ. ಅಭ್ಯಾಸದ ಸಮೂಹಕ್ಕೂ ಜನೋಪಯೋಗಿ ಸಮೂಹಕ್ಕೂ ಕಿಟಕಿ ಒಂದೇ ತೆರನಾದುದು. ಅಳಿಸುವ ಆಜ್ಞೆ ತಪ್ಪು ಸಮೂಹಕ್ಕೆ ಹೋದರೆ ಯಂತ್ರವು ಅದನ್ನೂ ಅಷ್ಟೇ ನಿಷ್ಠೆಯಿಂದ ನಡೆಯಿಸುವುದು. ಸತ್ತುದನ್ನು ಎಬ್ಬಿಸುವ ಅದರ ಗುಣವು, ಅಳಿಸೆಂದು ನಾವೇ ಹೇಳಿದುದನ್ನು ಕಾಯಲಾರದು. ಆದಕಾರಣ ಆಜ್ಞೆಗೆ ಮೊದಲು ಯಾವ ಸಮೂಹದಲ್ಲಿರುವೆವೆಂದು ಕೇಳಿ ತಿಳಿಯುವುದು ವಿಹಿತ.

ಗೃಹಿಣಿಯರಲ್ಲಿ ನಮ್ಮದೊಂದು ವಿಜ್ಞಾಪನೆ: ಮಗನೋ ಮಗಳೋ ಆ ಕಪ್ಪು ಕಿಟಕಿಯ ಮುಂದೆ ಕುಳಿತಿರುವಾಗ ಊಟಕ್ಕೆ ಅವಸರಪಡಿಸದಿರಿ. ಸಾರನ್ನು ಮತ್ತೆ ಬಿಸಿಮಾಡಬಹುದು. ಅಳಿದುದನ್ನೆಲ್ಲ ಮತ್ತೆ ಪಡೆಯಲಾಗದು.