ಡೀಸೆಲೋ ಪೆಟ್ರೋಲೋ? ಮೊದಲು ನಿಮ್ಮ ಓಡಾಟದ ಲೆಕ್ಕ ಬರೆಯಿರಿ

ಅಡಿಕೆ ಮಾರಿದ ಹಣ ಕೈಗೆ ಬಂದ ಮನೆಗಳಲ್ಲಿ ಈಗ ಒಂದು ಚರ್ಚೆ ಸಾಮಾನ್ಯವಾಗಿದೆ. ತೋಟದ ಕೆಲಸಕ್ಕೂ ಆಯಿತು, ಮನೆಯ ಓಡಾಟಕ್ಕೂ ಆಯಿತು ಎಂದು ಒಂದು ಪಿಕಪ್ ಕೊಳ್ಳಬೇಕು. ಆದರೆ ಡೀಸೆಲಿನದ್ದೋ ಪೆಟ್ರೋಲಿನದ್ದೋ? ಮನೆಯ ಹಿರಿಯರು ‘ಭಾರ ಹೊರುವ ಗಾಡಿ ಎಂದರೆ ಡೀಸೆಲ್, ಅದರಲ್ಲಿ ಕೇಳುವುದೇನು?’ ಎನ್ನುತ್ತಾರೆ. ಪೇಟೆಯಲ್ಲಿ ಕೆಲಸಕ್ಕಿರುವ ಮಗ ಫೋನಿನಲ್ಲಿ ಪೆಟ್ರೋಲ್ ಎನ್ನುತ್ತಾನೆ. ಷೋರೂಮಿನವರು ಯಾವುದು ದಾಸ್ತಾನಿನಲ್ಲಿದೆಯೋ ಅದನ್ನೇ ಹೊಗಳುತ್ತಾರೆ. ಕೊನೆಗೆ ನೆರೆಮನೆಯವರು ಯಾವುದು ತಂದಿದ್ದಾರೋ ಅದೇ ನಮ್ಮ ಅಂಗಳಕ್ಕೂ ಬರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಸಣ್ಣ ತೋಟದವರಲ್ಲಿ ಹೆಚ್ಚಿನವರಿಗೆ ಇಂದು ಡೀಸೆಲ್ ಗಾಡಿ ಬೇಕಾಗಿಲ್ಲ. ನಿಜವಾಗಿ ಬೇಕಾದವರಿಗೆ ಅದಕ್ಕೆ ಸಾಟಿಯಾದದ್ದು ಬೇರೆ ಇಲ್ಲ. ನೀವು ಯಾವ ಗುಂಪಿನವರು ಎಂಬುದನ್ನು ತಿಳಿಯಲು ಒಂದು ಕಾಗದ, ಒಂದು ಪೆನ್ಸಿಲ್ ಸಾಕು.

ಹಿರಿಯರ ಮಾತು ಸುಳ್ಳಲ್ಲ

ಹಿರಿಯರು ಡೀಸೆಲನ್ನು ನಂಬುವುದಕ್ಕೆ ಕಾರಣವಿದೆ. ನಮ್ಮ ಗುಡ್ಡೆ ರಸ್ತೆಗಳಿಗೆ ಮೊದಲು ಬಂದ ವಿಲ್ಲಿಸ್ ಜೀಪುಗಳು ಪೆಟ್ರೋಲಿನವು. 1973ರಲ್ಲಿ ಜಗತ್ತಿನಲ್ಲೆಲ್ಲ ಕಚ್ಚಾ ಎಣ್ಣೆಯ ಬೆಲೆ ಏರಿದಾಗ ಪೆಟ್ರೋಲ್ ಜೀಪು ಸಾಕುವುದು ಆನೆ ಸಾಕಿದಂತಾಯಿತು. ಮುಂದೆ ಜೀಪಿಗೆ ಡೀಸೆಲ್ ಎಂಜಿನ್ ಬಂದ ಮೇಲೆ ಹಳೆಯ ಪೆಟ್ರೋಲ್ ಎಂಜಿನನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡವರೂ ಇದ್ದರು. 2005ರಲ್ಲಿ ಟಾಟಾ ಏಸ್ ಬಂದಾಗ ಅದರಲ್ಲಿದ್ದದ್ದೂ ಎರಡು ಸಿಲಿಂಡರಿನ ಪುಟ್ಟ ಡೀಸೆಲ್ ಎಂಜಿನ್. ‘ಛೋಟಾ ಹಾಥಿ’ ಎಂಬ ಹೆಸರು ಪಡೆದ ಆ ಗಾಡಿ ನಮ್ಮ ಓಣಿ ಓಣಿಗೂ ನುಗ್ಗಿತು.

ಆ ಕಾಲದಲ್ಲಿ ಎರಡು ಅನುಕೂಲಗಳು ಒಟ್ಟಿಗೆ ಇದ್ದವು. ಡೀಸೆಲ್ ಅಗ್ಗ, ಎಂಜಿನ್ ಸರಳ. 2012ರ ಮಧ್ಯದಲ್ಲಿ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ 20 ರೂಪಾಯಿಗೂ ಮೀರಿದ ಅಂತರವಿತ್ತು. ಪೆಟ್ರೋಲಿನ ಬೆಲೆಯನ್ನು ಸರಕಾರ 2010ರಲ್ಲಿಯೂ ಡೀಸೆಲಿನದ್ದನ್ನು 2014ರ ಅಕ್ಟೋಬರಿನಲ್ಲಿಯೂ ತನ್ನ ಹಿಡಿತದಿಂದ ಬಿಟ್ಟಿತು. ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ಆ ಅಂತರ ಹತ್ತು ಹದಿನಾಲ್ಕು ರೂಪಾಯಿಯ ಆಸುಪಾಸಿಗೆ ಇಳಿದಿದೆ. ಒಂದು ಅನುಕೂಲ ಹೀಗೆ ಅರ್ಧಕ್ಕೆ ಬಂತು. ಎರಡನೆಯದು 2020ರ ಏಪ್ರಿಲ್ 1ರಂದು ಹೋಯಿತು. ಅಂದಿನಿಂದ ದೇಶದಲ್ಲಿ ಬಿಎಸ್-6 ಎಂಬ ಹೊಗೆ ನಿಯಮ ಜಾರಿಗೆ ಬಂತು. ಡೀಸೆಲ್ ಎಂಜಿನಿನ ಹೊಗೆಯನ್ನು ಆ ಮಟ್ಟಕ್ಕೆ ಶುದ್ಧ ಮಾಡಲು ಬೇಕಾಗುವ ಸಾಧನಗಳು ದುಬಾರಿ. 2016ರಲ್ಲಿ ಡೀಸೆಲ್ ಎಂಜಿನಿನೊಂದಿಗೆ ಬಂದಿದ್ದ ಮಾರುತಿಯ ಸೂಪರ್ ಕ್ಯಾರಿ ಈಗ ಪೆಟ್ರೋಲ್ ಮತ್ತು ಸಿಎನ್‌ಜಿಯಲ್ಲಿ ಮಾತ್ರ ಸಿಗುವುದು ಇದೇ ಕಾರಣಕ್ಕೆ.

ಪೆನ್ಸಿಲಿನ ಲೆಕ್ಕ

ಈಗ ಲೆಕ್ಕಕ್ಕೆ ಬನ್ನಿ. ಏಳೆಂಟು ಕ್ವಿಂಟಾಲ್ ಹೊರುವ ಎರಡು ಸಣ್ಣ ಗಾಡಿಗಳು. ಪೆಟ್ರೋಲ್ ಗಾಡಿ ಲೀಟರಿಗೆ 15 ಕಿ.ಮೀ., ಡೀಸೆಲ್ ಗಾಡಿ 20 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ಪೆಟ್ರೋಲಿಗೆ 103 ರೂಪಾಯಿ, ಡೀಸೆಲಿಗೆ 91 ರೂಪಾಯಿ ಹಿಡಿಯಿರಿ. ಪೆಟ್ರೋಲ್ ಗಾಡಿಗೆ ಕಿಲೋಮೀಟರಿಗೆ 6 ರೂ. 87 ಪೈಸೆ ತಗಲುತ್ತದೆ. ಡೀಸೆಲ್ ಗಾಡಿಗೆ 4 ರೂ. 55 ಪೈಸೆ. ಪ್ರತಿ ಕಿಲೋಮೀಟರಿಗೆ ಸುಮಾರು 2 ರೂ. 30 ಪೈಸೆ ಉಳಿತಾಯ.

ಡೀಸೆಲ್ ಗಾಡಿಗೆ ಒಂದು ಲಕ್ಷ ಹೆಚ್ಚು ಕೊಟ್ಟಿದ್ದರೆ ಆ ಹಣ ಮರಳಿ ಬರಲು ಸುಮಾರು 43,000 ಕಿ.ಮೀ. ಓಡಬೇಕು. ವಾಮದಪದವಿನಲ್ಲೋ ಶಿರ್ತಾಡಿಯಲ್ಲೋ ಇರುವ ಕೃಷಿಕರೊಬ್ಬರು ಹಾಲಿನ ಸೊಸೈಟಿ, ಅಂಗಡಿ, ಸಹಕಾರಿ ಸಂಘ ಎಂದು ದಿನಕ್ಕೆ 15 ಕಿ.ಮೀ. ಓಡಿದರೆ ವರ್ಷದ 300 ದಿನಕ್ಕೆ 4,500 ಕಿ.ಮೀ. ಆಯಿತು. ಒಂದು ಲಕ್ಷ ಮರಳಲು ಒಂಬತ್ತೂವರೆ ವರ್ಷ ಬೇಕು. ಅಷ್ಟರಲ್ಲಿ ಸಾಲದ ಬಡ್ಡಿ ಬೇರೆ, ಹೆಚ್ಚಿನ ಸರ್ವಿಸ್ ಖರ್ಚು ಬೇರೆ. ಅದೇ, ನಾರಾವಿಯಿಂದ ಮಂಗಳೂರಿಗೆ ವಾರಕ್ಕೆ ನಾಲ್ಕು ಸಲ ತರಕಾರಿಯೋ ಬಾಳೆಗೊನೆಯೋ ಹೇರಿಕೊಂಡು ಹೋಗುವವರ ಓಟ ವರ್ಷಕ್ಕೆ ಇಪ್ಪತ್ತು ಸಾವಿರ ಕಿ.ಮೀ. ದಾಟುತ್ತದೆ. ಅವರ ಒಂದು ಲಕ್ಷ ಎರಡು ವರ್ಷದ ಆಸುಪಾಸಿನಲ್ಲೇ ಮರಳುತ್ತದೆ.

ನನ್ನ ಅಂಕಿಗಳನ್ನು ನಂಬಬೇಡಿ. ಬಂಕಿನ ಇಂದಿನ ದರ, ನಿಮ್ಮ ಊರಿನಲ್ಲಿ ಅದೇ ಗಾಡಿ ಇಟ್ಟವರು ಹೇಳುವ ಮೈಲೇಜು, ನಿಮ್ಮದೇ ಒಂದು ತಿಂಗಳ ಓಟ – ಇವನ್ನು ಹಾಕಿ ನೀವೇ ಗುಣಿಸಿ ಭಾಗಿಸಿ ನೋಡಿ.

ಬಿಸಿಯಾಗದ ಎಂಜಿನಿನ ಕಷ್ಟ

ಹಣಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಈಗಿನ ಹೆಚ್ಚಿನ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಸೋಸುಗ ಇರುತ್ತದೆ. ತುಂಬಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆ ಕಾವು ಬರಬೇಕಾದರೆ ಗಾಡಿ ಒಳ್ಳೆಯ ರಸ್ತೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲದೆ ಓಡಬೇಕು. ಬಿ.ಸಿ.ರೋಡಿನಿಂದ ಮಂಗಳೂರಿಗೆ ಹೋಗುವವರಿಗೆ ಇದು ತಾನಾಗಿ ಆಗುತ್ತದೆ. ಮನೆಯಿಂದ ಹಾಲಿನ ಸೊಸೈಟಿಗೆ ಮೂರು ಕಿ.ಮೀ. ಹೋಗಿ ಬರುವವರಿಗೆ ಎಂದೂ ಆಗುವುದಿಲ್ಲ.

ನನ್ನ ಮನೆಯಲ್ಲೇ ಆದದ್ದು ಹೇಳುತ್ತೇನೆ. ತಂದೆಯವರ ಮಾತಿನಂತೆ ಡೀಸೆಲ್ ಗಾಡಿ ತಂದೆವು. ಬೆಳಿಗ್ಗೆ ಹಾಲು, ಮಧ್ಯಾಹ್ನ ಹಿಂಡಿ, ಸಂಜೆ ಮತ್ತೆ ಹಾಲು. ಎಲ್ಲವೂ ಎರಡು ಮೂರು ಕಿಲೋಮೀಟರಿನ ಓಟ. ಎರಡನೆಯ ಮಳೆಗಾಲದಲ್ಲಿ ಮುಂದಿನ ಫಲಕದಲ್ಲಿ ಒಂದು ಹಳದಿ ದೀಪ ಹತ್ತಿತು. ಗಾಡಿ ಓಡುತ್ತಿದೆಯಲ್ಲ ಎಂದು ಸುಮ್ಮನಿದ್ದೆವು. ಹದಿನೈದು ದಿನದಲ್ಲಿ ಏರು ಹತ್ತದೆ ನಿಂತಿತು. ನಮ್ಮ ಊರಿನ ಮೆಕ್ಯಾನಿಕ್ ಒಳ್ಳೆಯ ಕೈಯವರೇ; ಆದರೆ ಆ ದೋಷವನ್ನು ಓದುವ ಯಂತ್ರ ಅವರಲ್ಲಿರಲಿಲ್ಲ. ಬೇರೆ ಗಾಡಿಯಲ್ಲಿ ಹೇರಿ ಪೇಟೆಗೆ ಕಳಿಸಿದೆವು. ಬಂದ ಬಿಲ್ಲು ಅರ್ಧ ಕ್ವಿಂಟಾಲ್ ಚಾಲಿ ಅಡಿಕೆಯ ಬೆಲೆ. ತಪ್ಪು ಗಾಡಿಯದ್ದಲ್ಲ. ದೂರ ಓಡಬೇಕಾದ ಎತ್ತನ್ನು ನಾವು ಅಂಗಳದಲ್ಲೇ ತಿರುಗಿಸುತ್ತಿದ್ದೆವು.

ಈಗಾಗಲೇ ಇಂಥ ಗಾಡಿ ಇಟ್ಟಿರುವವರು ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ. ಹಳದಿ ದೀಪ ಹತ್ತಿದ ದಿನವೇ ಕೈಪಿಡಿ ನೋಡಿ. ಕೆಲವು ಗಾಡಿಗಳಿಗೆ ಡೀಸೆಲಿನ ಜತೆಗೆ ಡಿಇಎಫ್ ಎಂಬ ದ್ರಾವಣವನ್ನು ಬೇರೆ ಟ್ಯಾಂಕಿಗೆ ತುಂಬಬೇಕು. ಅದರಲ್ಲಿ ಶೇ. 32.5ರಷ್ಟು ಯೂರಿಯಾ ಇರುತ್ತದೆ ಎಂದು ಕೇಳಿ ಗೋಣಿಯ ಯೂರಿಯಾವನ್ನು ಬಾವಿ ನೀರಿನಲ್ಲಿ ಕದಡಿ ಹಾಕಬೇಡಿ. ಅದು ಅತಿ ಶುದ್ಧ ಯೂರಿಯಾ, ಖನಿಜ ತೆಗೆದ ನೀರು. ತೋಟದ ಗೊಬ್ಬರ ತೋಟಕ್ಕೇ ಇರಲಿ.

ಡೀಸೆಲ್ ಯಾರಿಗೆ?

ಹಾಗಾದರೆ ಡೀಸೆಲ್ ಬೇಡವೇ ಬೇಡವೇ? ಹಾಗಲ್ಲ. ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಹೆಚ್ಚು ಎಳೆಯುವ ಬಲ ಕೊಡುತ್ತದೆ. ಒಂದು ಲೀಟರ್ ಡೀಸೆಲಿನಲ್ಲಿ ಅಡಗಿರುವ ಶಕ್ತಿಯೂ ಪೆಟ್ರೋಲಿಗಿಂತ ಶೇ. ಹತ್ತಕ್ಕೂ ಹೆಚ್ಚು. ಚಾರ್ಮಾಡಿ ಘಾಟಿ ಹತ್ತಿ ಘಟ್ಟದ ಮೇಲಿನಿಂದ ಕುರಿಗೊಬ್ಬರ, ಬೈಹುಲ್ಲು ತರುವವರು, ಗುಡ್ಡೆಯಿಂದ ಕೆಂಪುಕಲ್ಲು ಸಾಗಿಸುವವರು, ಊರವರ ಅಡಿಕೆ, ತೆಂಗಿನಕಾಯಿಯನ್ನು ಬಾಡಿಗೆಗೆ ಒಯ್ಯುವವರು ಡೀಸೆಲನ್ನೇ ಕೊಳ್ಳಲಿ. ಹದಿಮೂರು ಕ್ವಿಂಟಾಲ್ ಮೀರಿದ ಭಾರ ಹೊರುವ ದೊಡ್ಡ ಪಿಕಪ್ಪುಗಳಲ್ಲಿ ಪೆಟ್ರೋಲ್ ಸಿಗುವುದೇ ವಿರಳ.

ಆದರೆ ನೀವು ಘಟ್ಟ ಹತ್ತುವುದು ವರ್ಷಕ್ಕೆ ಎಷ್ಟು ಸಲ? ನಾಲ್ಕೋ ಐದೋ ಆದರೆ ಅಷ್ಟಕ್ಕೆ ಬಾಡಿಗೆ ಗಾಡಿ ಕರೆಯಿರಿ. ಐದು ದಿನದ ಕೆಲಸಕ್ಕಾಗಿ ಮುನ್ನೂರ ಅರುವತ್ತು ದಿನ ದೊಡ್ಡ ಎಂಜಿನ್ ಸಾಕುವುದು ಲೆಕ್ಕಕ್ಕೆ ಕೂಡುವುದಿಲ್ಲ. ಊರಿನ ಬಾಡಿಗೆಯವರಿಗೂ ನಾಲ್ಕು ಕಾಸು ಸಿಗುತ್ತದೆ.

ಎಳೆಯುವ ಮಾತು

ಗಾಡಿಯ ಹಿಂದೆ ಕಾಂಕ್ರೀಟ್ ಮಿಕ್ಸರನ್ನೋ ಮದ್ದು ಬಿಡುವ ಪಂಪು-ಟ್ಯಾಂಕಿಯನ್ನೋ ಕಟ್ಟಿ ಎಳೆಯುವುದನ್ನು ಈಗ ಎಲ್ಲ ಕಡೆ ನೋಡುತ್ತೇವೆ. ಎಳೆಯುವುದಕ್ಕೆ ಡೀಸೆಲೇ ಆಗಬೇಕು ಎನ್ನುತ್ತಾರೆ. ಏರಿನಲ್ಲಿ ಇದು ಸರಿ. ಆದರೆ ಅಪಾಯ ಇರುವುದು ಏರಿನಲ್ಲಲ್ಲ, ಇಳಿಜಾರಿನಲ್ಲಿ. ಬ್ರೇಕಿಲ್ಲದ ಟ್ರೇಲರ್ ಜಂಬಿಟ್ಟಿಗೆಯ ಕಣಿವೆ ರಸ್ತೆಯಲ್ಲಿ ಹಿಂದಿನಿಂದ ದೂಡತೊಡಗಿದರೆ ಮುಂದಿನ ಟ್ಯಾಂಕಿನಲ್ಲಿ ಯಾವ ಎಣ್ಣೆ ಇದೆ ಎಂದು ಅದು ಕೇಳುವುದಿಲ್ಲ. ಎಳೆಯುವ ಕೆಲಸವಿದ್ದರೆ ನಿಮ್ಮ ಗಾಡಿ ಎಳೆಯಲು ತಕ್ಕದ್ದೇ ಎಂದು ಕಂಪೆನಿಯ ಕೈಪಿಡಿಯಲ್ಲಿ ನೋಡಿ. ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯಿರಿ. ಟ್ರೇಲರಿಗೂ ನೋಂದಣಿ ಬೇಕೆಂಬುದನ್ನು ಮರೆಯಬೇಡಿ.

ಪೆಟ್ರೋಲ್ ಗಾಡಿಗೂ ಒಂದು ಪರೀಕ್ಷೆ ಇದೆ. ಷೋರೂಮಿನ ಮುಂದಿನ ಡಾಮರು ರಸ್ತೆಯಲ್ಲಿ ಓಡಿಸಿ ಒಪ್ಪಬೇಡಿ. ಗಾಡಿಯನ್ನು ನಿಮ್ಮ ಮನೆಗೇ ತರಿಸಿ. ನೀವು ದಿನವೂ ಹೊರಿಸುವಷ್ಟು ಭಾರ ಹೇರಿ ನಿಮ್ಮದೇ ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. ಹತ್ತಿದರೆ ಅದು ನಿಮ್ಮ ಗಾಡಿ. ತಿಣುಕಿ ಕ್ಲಚ್ ವಾಸನೆ ಬಂದರೆ ನಮಸ್ಕಾರ ಹೇಳಿ ಕಳಿಸಿ.

ಗ್ಯಾಸ್ ಮತ್ತು ಎಥೆನಾಲ್

ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ಸಿಎನ್‌ಜಿ ನಮ್ಮ ಜಿಲ್ಲೆಗೂ ಹತ್ತಿರವಾಗಿದೆ. ಓಟದ ಖರ್ಚು ಕಡಿಮೆಯೇ. ಆದರೆ ಸಿಲಿಂಡರಿನ ತೂಕದಷ್ಟು ಹೇರುವ ಭಾರ ತಗ್ಗುತ್ತದೆ, ಏರಿನಲ್ಲಿ ಬಲವೂ ತುಸು ಕಡಿಮೆ. ನಿಮ್ಮ ದಿನದ ದಾರಿಯಲ್ಲೇ ಗ್ಯಾಸ್ ಬಂಕ್ ಇದ್ದರೆ ಯೋಚಿಸಿ. ಹತ್ತು ಮೈಲು ಸುತ್ತಿ ಸಾಲಿನಲ್ಲಿ ನಿಲ್ಲಬೇಕಾದರೆ ಉಳಿದದ್ದೆಲ್ಲ ಅಲ್ಲೇ ಹೋಯಿತು. ಅಡುಗೆ ಸಿಲಿಂಡರನ್ನು ಗಾಡಿಗೆ ಜೋಡಿಸುವ ಸಾಹಸವಂತೂ ಬೇಡ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಪೆಟ್ರೋಲ್ ಕೊಂಡವರಿಗೂ ಒಂದು ಎಚ್ಚರಿಕೆ. ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಸೇರಿದೆ. ಎಥೆನಾಲ್ ನೀರನ್ನು ಹೀರುವ ವಸ್ತು. ನಮ್ಮದು ಮಳೆಯ ಊರು. ಗಾಡಿಯನ್ನು ಆಟಿ ತಿಂಗಳಿಡೀ ಕೊಟ್ಟಿಗೆಯಲ್ಲಿ ನಿಲ್ಲಿಸಿಡಬೇಡಿ. ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ. ಹಳೆಯ ಗಾಡಿ ಕೊಳ್ಳುವವರು ಅದು ಈ ಪೆಟ್ರೋಲಿಗೆ ತಕ್ಕದ್ದೇ ಎಂದು ಕೇಳಿಯೇ ಮುಂದುವರಿಯಿರಿ.

ಗಾಡಿಯ ಬೆನ್ನಿನಲ್ಲಿ ಜನ ಬೇಡ

ನಮ್ಮ ಪಿಕಪ್ ಬರಿಯ ಸರಕಿನ ಗಾಡಿಯಲ್ಲ. ಬೆಳಿಗ್ಗೆ ಕೆಲಸದವರನ್ನು ಕರೆತರುವುದು, ರಾತ್ರಿ ಆಟಕ್ಕೋ ಕೋಲಕ್ಕೋ ಮನೆಮಂದಿಯನ್ನು ಒಯ್ಯುವುದು ಅದೇ. ಸರಕಿನ ಗಾಡಿಯ ಹಿಂಭಾಗದಲ್ಲಿ ಕುಳಿತವರಿಗೆ ಅಪಘಾತವಾದರೆ ವಿಮಾ ಕಂಪೆನಿ ಕೈ ಎತ್ತಬಹುದು. ಆಗ ಪರಿಹಾರದ ಹೊಣೆ ನಿಮ್ಮ ತಲೆಯ ಮೇಲೆ. ತೋಟವೇ ಹೋಗುವ ಮಾತು ಅದು. ದಿನವೂ ಜನರನ್ನು ಕರೆತರಬೇಕಾದವರು ಎರಡು ಸಾಲು ಸೀಟಿರುವ ಗಾಡಿಯನ್ನೇ ನೋಡಲಿ.

ಲೈಸೆನ್ಸಿನ ಬಗ್ಗೆ ಒಂದು ಸಮಾಧಾನವಿದೆ. ಸಾಮಾನ್ಯ ಲಘು ವಾಹನದ ಲೈಸೆನ್ಸ್ ಇರುವವರು ಒಟ್ಟು ಭಾರ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಒಟ್ಟು ಭಾರ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ಟೂ ಬೇಡ. ಎಫ್‌ಸಿ ಮತ್ತು ವಿಮೆ ಮಾತ್ರ ತಪ್ಪಬಾರದು.

ಕೊನೆಯ ಮಾತು. ಎಲೆಚುಕ್ಕಿ ಒಂದೆಡೆ, ಕೊಳೆರೋಗ ಇನ್ನೊಂದೆಡೆ. ಮುಂದಿನ ವರ್ಷದ ಫಸಲನ್ನು ಯಾರೂ ಬರೆದುಕೊಡಲಾರರು. ಗಾಡಿಯ ಕಂತು ಮಾತ್ರ ತಿಂಗಳು ತಿಂಗಳೂ ತಪ್ಪದೆ ಬರುತ್ತದೆ. ಆದ್ದರಿಂದ ಗಾಡಿಗೆ ಮುಂಗಡ ಕೊಡುವ ಮೊದಲು ಒಂದು ತಿಂಗಳು ಕ್ಯಾಲೆಂಡರಿನ ಮೇಲೆ ದಿನದಿನದ ಓಡಾಟ ಬರೆದಿಡಿ: ಎಷ್ಟು ಕಿಲೋಮೀಟರ್, ಎಷ್ಟು ಭಾರ, ಎಷ್ಟು ಏರು. ದಿನಕ್ಕೆ ಐವತ್ತು ಕಿಲೋಮೀಟರ್ ದಾಟಿದರೆ, ಭಾರವೂ ದೊಡ್ಡದಾದರೆ ಡೀಸೆಲ್ ತನ್ನಿ. ಇಪ್ಪತ್ತರ ಒಳಗಿದ್ದರೆ ಪೆಟ್ರೋಲೇ ಸಾಕು. ಇವೆರಡರ ನಡುವೆ ಇರುವವರು ಚಿಕ್ಕದನ್ನು ಕೊಂಡು, ಉಳಿದ ಹಣವನ್ನು ತೋಟಕ್ಕೆ ಹಾಕಲಿ. ಗಾಡಿಯನ್ನು ತೋಟ ಸಾಕಬೇಕು, ನಿಜ. ಆದರೆ ತೋಟವನ್ನೇ ತಿನ್ನುವ ಗಾಡಿ ಅಂಗಳಕ್ಕೆ ಬರಬಾರದು.